ಕೀಲು ಸಡಿಲವಿದ್ದರೇ ಮೀನು
ಭಾನುವಾರ, 9 ಮಾರ್ಚ್ 2025

ಇವತ್ತು ಪೂರ್ತಿ ಕೀಲಿನ ಕೆಲಸ. ಹೋದ ವಾರ ಗುರುತು ಹಾಕಿಟ್ಟಿದ್ದ ಬಾಲ್ಸಾ ಮರದ ತುಂಡನ್ನು ಬೆಳಿಗ್ಗೆಯೇ ಕೈಗೆತ್ತಿಕೊಂಡೆ. 6 ಸೆಂ.ಮೀ. ಉದ್ದ, ಒಂದು ಬೆರಳಿನ ದಪ್ಪ. ದೊಡ್ಡ ಮೀನನ್ನು ಸೆಳೆಯಲು ಗಾಳಕ್ಕೆ ಕಟ್ಟುವ ಮರದ ಹುಸಿ ಮೀನುಗಳಲ್ಲಿ, ಅಂದರೆ ಲ್ಯೂರ್‌ಗಳಲ್ಲಿ, ನನಗೆ ತುಂಬಾ ಇಷ್ಟವಾದದ್ದು ಈ ಜಾತಿಯೇ. ಮೈ ಎರಡು ತುಂಡು, ನಡುವೆ ಕೀಲು. ಎಳೆದರೆ ಬಾಲ ತಾನಾಗಿ ಆಡಬೇಕು.

ಒಂದೇ ತುಂಡಿನ ಲ್ಯೂರ್ ಮಾಡುವುದು ಸುಲಭ. ಆದರೆ ಅದು ಚೆನ್ನಾಗಿ ಆಡಲು ಸ್ವಲ್ಪ ವೇಗ ಬೇಕು. ಕೀಲಿನದು ಹಾಗಲ್ಲ, ರೀಲನ್ನು ತೀರಾ ನಿಧಾನವಾಗಿ ಸುತ್ತಿದರೂ ಬಾಲ ಆಡುತ್ತಲೇ ಇರುತ್ತದೆ. ನೀರು ತಣ್ಣಗಾಗಿ ಮೀನು ಮಂಕಾಗಿದ್ದಾಗ, ಓಡುವ ಬೇಟೆಯ ಬೆನ್ನು ಹತ್ತಲು ಅದಕ್ಕೆ ಮನಸ್ಸಿಲ್ಲದಾಗ, ಕೈಹಿಡಿಯುವುದು ಇದೇ.

ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ತನ್ನ ಮೊದಲ ಲ್ಯೂರ್ ಕೆತ್ತಿದ್ದು ಒಂದು ವಿಷಯ ಗಮನಿಸಿದ ಮೇಲೆ. ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿಗೆ ನುಗ್ಗಿದಾಗ, ಸರಿಯಾಗಿ ಈಜಲಾರದೆ ಹೊಯ್ದಾಡುವ ಮೀನಿನ ಮೇಲೇ ಅದರ ಕಣ್ಣು. ಆ ಲ್ಯೂರಿಗೆ ಕೀಲು ಇರಲಿಲ್ಲ, ಹೊಯ್ದಾಟ ಇತ್ತು. ಆತನ ಹತ್ತಿರ ಇದ್ದದ್ದು ಕಾರ್ಕ್, ಚಪ್ಪಲಿ ಹೊಲಿಯುವವರ ಚಾಕು, ಸ್ಯಾಂಡ್‌ಪೇಪರ್, ಹೊರಮೈಗೆ ಚಾಕೊಲೇಟ್ ಸುತ್ತಿದ ಹೊಳೆಯುವ ಹಾಳೆ, ಅದರ ಮೇಲೆ ಬಳಿಯಲು ಕರಗಿಸಿದ ಫೋಟೋ ನೆಗೆಟಿವ್. ಸಲಕರಣೆ ಇಲ್ಲ ಅಂತ ಯಾರಾದರೂ ಹಿಂಜರಿದರೆ ನಾನು ಮೊದಲು ಹೇಳುವುದು ಈ ಪಟ್ಟಿಯನ್ನೇ.

ಕೆಲಸದ ಕ್ರಮದ ಬಗ್ಗೆ ಒಂದು ಮಾತು. ಮರ ಇನ್ನೂ ಚೌಕವಾಗಿರುವಾಗಲೇ ಸೀಳು, ರಂಧ್ರ ಎಲ್ಲವನ್ನೂ ಮುಗಿಸಿಬಿಡಬೇಕು. ಮೂತಿಯ ಕೆಳಗೆ ತುಟಿ (ನೀರಿಗೆ ಒತ್ತಿಕೊಂಡು ಮೀನನ್ನು ಒಲೆಯಿಸುವ ತೆಳು ಹಾಳೆ) ಕೂರಿಸುವ ಸೀಳು, ಗಾಳ ನೇತುಹಾಕುವ ರಂಧ್ರ, ಕೀಲಿನ ರಂಧ್ರ, ಎಲ್ಲ ಆಗಲೇ. ಮೈ ದುಂಡಗಾದ ಮೇಲೆ ನೇರ ಯಾವುದು, ಓರೆ ಯಾವುದು ಅಂತ ಹೇಳುವವರೇ ಇರುವುದಿಲ್ಲ. ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ ನಡುಗೆರೆ ಎಳೆದು, ಕೊನೆಯ ಸ್ಯಾಂಡ್‌ಪೇಪರ್ ತನಕ ಅದನ್ನು ಅಳಿಸದೆ ಉಳಿಸಿಕೊಳ್ಳಬೇಕು.

ಈಗ ಕೀಲು. ಎರಡು ಸ್ಕ್ರೂ ಬಳೆಗಳನ್ನು (ತಲೆಯ ಜಾಗದಲ್ಲಿ ಬಳೆ ಇರುವ ಸ್ಕ್ರೂ) ಒಂದಕ್ಕೊಂದು ಸಿಕ್ಕಿಸುವುದು ಎಲ್ಲರೂ ಮಾಡುವ ದಾರಿ. ಅದು ಸರಾಗವಾಗಿ ಆಡುತ್ತದೆ ನಿಜ, ಆದರೆ ಮೇಲೆ, ಕೆಳಗೆ, ಸುತ್ತ, ಎಲ್ಲ ಕಡೆಗೂ ಆಡುತ್ತದೆ. ಬಾಲ ತಿರುಚಿಕೊಳ್ಳುತ್ತದೆ. ನನಗೆ ಒಪ್ಪಿಗೆಯಾದದ್ದು ಬಾಗಿಲಿನ ಕೀಲಿನ ಹಾಗಿರುವುದು. ಮುಂದಿನ ತುಂಡಿನ ಹಿಂಬದಿಗೆ ಮೇಲೊಂದು ಕೆಳಗೊಂದು ಸ್ಕ್ರೂ ಬಳೆ. ಹಿಂದಿನ ತುಂಡಿನಲ್ಲಿ ಅವೆರಡೂ ಒಳಹೋಗುವಷ್ಟು ಸೀಳು. ಬೆನ್ನಿನಿಂದ ಹೊಟ್ಟೆಗೆ ಒಂದು ಸ್ಟೀಲ್ ತಂತಿ, ಎರಡೂ ಬಳೆಗಳನ್ನು ಹಾದು ಇಳಿಯಬೇಕು. ಆಗ ಬಾಲಕ್ಕೆ ಎಡ, ಬಲ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಮೀನಿನ ಬಾಲವೂ ಹೀಗೇ ಅಲ್ವಾ?

ಬಾಲ್ಸಾ ಬಹಳ ಮೆತ್ತನೆಯ ಮರ. ಸ್ಕ್ರೂವನ್ನು ಸುಮ್ನೆ ತಿರುಗಿಸಿ ಕೂರಿಸಿದರೆ ದೊಡ್ಡ ಮೀನು ಜಗ್ಗಿದಾಗ ಕಿತ್ತುಬರುತ್ತದೆ. ರಂಧ್ರಕ್ಕೆ ಮೊದಲು ತೆಳು ಸೂಪರ್ ಗ್ಲೂ ಕುಡಿಸಿದೆ. ಮರ ಅದನ್ನು ಹೀರಿಕೊಂಡು ಕ್ಷಣದಲ್ಲಿ ಬಣ್ಣ ಗಾಢವಾಯಿತು, ಉಗುರಿನಿಂದ ತಟ್ಟಿದರೆ ಟಕ್ ಟಕ್ ಅನ್ನುವಷ್ಟು ಗಟ್ಟಿಯಾಯಿತು. ಆಮೇಲೆ ಸ್ಕ್ರೂವಿಗೆ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ಸವರಿ ತಿರುಗಿಸಿದೆ. ಸೂಪರ್ ಗ್ಲೂವಿನ ಹೊಗೆ ಕಣ್ಣು, ಮೂಗಿಗೆ ಉರಿ, ಕಿಟಕಿ ತೆರೆದೇ ಇಡಬೇಕು.

ಬಾಲ ಎಷ್ಟು ಆಡಬೇಕು ಅನ್ನುವುದನ್ನು ತಂತಿ ತೀರ್ಮಾನಿಸುವುದಿಲ್ಲ, ಎರಡು ಮುಖಗಳ ನಡುವಿನ ಓರೆ ತೀರ್ಮಾನಿಸುತ್ತದೆ. ಮುಂದಿನ ತುಂಡಿನ ಹಿಂಬದಿಯನ್ನು ಎರಡೂ ಕಡೆ ಓರೆಯಾಗಿ ಉಜ್ಜಿ ಬೆಣೆಯ ಆಕಾರಕ್ಕೆ ತಂದೆ. ಒಂದೊಂದು ಕಡೆಗೆ ಸುಮಾರು 30 ಡಿಗ್ರಿ ಬಾಲ ತಿರುಗಿದರೆ ಸಾಕು. ಓರೆ ಜಾಸ್ತಿ ಆದರೆ ಎಸೆದಾಗ ಗಾಳಿಯಲ್ಲೇ ಮೈ ಮಡಚಿಕೊಂಡು, ಬಾಲದ ಗಾಳ ಹೊಟ್ಟೆಯ ಗಾಳಕ್ಕೆ ಸಿಕ್ಕಿಕೊಳ್ಳುತ್ತದೆ. ನಡುವಿನ ಸಂದು 1 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬಿಟ್ಟಿದ್ದೇನೆ. ಬಣ್ಣ, ಎಪಾಕ್ಸಿ ಎಲ್ಲ ಸೇರಿದರೆ ಆ ಸಂದು ಕಿರಿದಾಗುತ್ತದೆ. ಬರೀ ಮರ ಇದ್ದಾಗ ಸ್ವಲ್ಪ ಸಡಿಲ ಅನಿಸಿದ್ದೇ ಕೊನೆಗೆ ಸರಿಯಾದ ಅಳತೆ. ಹಾಗೆಯೇ, ಎರಡೂ ತುಂಡಿಗೆ ಬೇರೆ ಬೇರೆಯಾಗಿಯೇ ಬಣ್ಣ ಬಳಿದು, ಲೇಪ ಒಣಗಿದ ಮೇಲೆ ಕೊನೆಯಲ್ಲಿ ತಂತಿ ಇಳಿಸುವುದು. ಸೀಳಿನೊಳಗೂ ಬ್ರಷ್ ಹೋಗಬೇಕು. ನೀರು ಒಳಗೆ ಸೇರುವುದು ಹೆಚ್ಚಾಗಿ ಅಲ್ಲಿಂದಲೇ, ಒಮ್ಮೆ ಸೇರಿತೆಂದರೆ ಮರ ಉಬ್ಬಿ ಲೇಪ ಬಿರುಕು ಬಿಡುತ್ತದೆ.

ಮಧ್ಯಾಹ್ನ ತೂಕ ನೋಡಿದೆ. ಬಾಲ್ಸಾ ಸಾಮಾನ್ಯವಾಗಿ ನೀರಿನ ಆರರಲ್ಲಿ ಒಂದು ಪಾಲಿನಷ್ಟೇ ತೂಗುತ್ತದೆ, ಹೊಟ್ಟೆಗೆ ಭಾರ ಕೊಡದಿದ್ದರೆ ಮಗ್ಗುಲಾಗಿ ತೇಲುತ್ತದೆ. ತೂತು ಕೊರೆಯುವ ಮುಂಚೆ ಗಾಳ, ರಿಂಗು ಎಲ್ಲ ಸಿಕ್ಕಿಸಿ, ಭಾರದ ಗುಂಡನ್ನು ರಬ್ಬರ್ ಬ್ಯಾಂಡಿನಲ್ಲಿ ಹೊಟ್ಟೆಗೆ ಕಟ್ಟಿ ಬಕೆಟ್ಟಿಗೆ ಬಿಟ್ಟೆ. ಗುಂಡನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ ಜಾಗ ತಾನೇ ಗೊತ್ತಾಗುತ್ತದೆ. ಎರಡು ತುಂಡಿನ ಮೀನಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ತೇಲಿಸಿ ನೋಡಲೇಬೇಕು. ಬಾಲ ತನ್ನಷ್ಟಕ್ಕೆ ಮಟ್ಟವಾಗಿ ತೇಲದಿದ್ದರೆ, ಸೇರಿಸಿದ ಮೇಲೆ ಕೀಲಿನ ತಂತಿಗೆ ಒತ್ತಿಕೊಂಡು ಉಜ್ಜುತ್ತದೆ, ಆಟ ಸತ್ತುಹೋಗುತ್ತದೆ. ಲೇಪದ ತೂಕಕ್ಕೆ ಅಂತ ಬೆನ್ನು ಒಂದಿಷ್ಟು ಜಾಸ್ತಿಯೇ ಮೇಲೆ ಇರುವ ಹಾಗೆ ಬಿಟ್ಟೆ.

ಭಾರಕ್ಕೆ ಸೀಸದ ಬದಲು ಟಂಗ್‌ಸ್ಟನ್ ಹಾಕುವುದು ಈಗ ನನ್ನ ರೂಢಿ. ಸೀಸ ನೀರಿಗಿಂತ 11 ಪಟ್ಟು ಭಾರ, ಟಂಗ್‌ಸ್ಟನ್ 19 ಪಟ್ಟು. ಇಷ್ಟು ಚಿಕ್ಕ ಹೊಟ್ಟೆಯಲ್ಲಿ ಆ ವ್ಯತ್ಯಾಸ ದೊಡ್ಡದು, ಚಿಕ್ಕ ತೂತು ಸಾಕಾಗುತ್ತದೆ. ಇನ್ನೊಂದು ಕಾರಣ ನನಗೆ ಅದಕ್ಕಿಂತ ಮುಖ್ಯ. ನೀರಿನಲ್ಲಿ ಬಿದ್ದ ಸೀಸದ ಗುಂಡುಗಳನ್ನು ಹಕ್ಕಿಗಳು ನುಂಗಿ ಸಾಯುತ್ತವೆ. ಹಂಸಗಳು ಹೀಗೆ ಸಾಯುತ್ತಿದ್ದವು ಅಂತಲೇ ಇಂಗ್ಲೆಂಡಿನಲ್ಲಿ 1987ರಲ್ಲಿ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು. ದಾರ ತುಂಡಾಗಿ ನಮ್ಮ ಮೀನು ನೀರಿನಲ್ಲೇ ಉಳಿಯುವುದು ಇದ್ದದ್ದೇ. ಅದರ ಹೊಟ್ಟೆಯಲ್ಲಿ ವಿಷ ಇರುವುದು ಬೇಡ.

ತುಟಿಗೆ 1 ಮಿ.ಮೀ. ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಹಾಳೆ, ಕತ್ತರಿಯಲ್ಲೇ ಕತ್ತರಿಸಬಹುದು. ತುಟಿ ಕೆಳಮುಖವಾಗಿ ನೆಟ್ಟಗಿದ್ದರೆ ಮೀನು ಮೇಲ್ಮಟ್ಟದಲ್ಲೇ ಜೋರಾಗಿ ಒಲೆಯುತ್ತದೆ, ಮುಂದಕ್ಕೆ ಚಾಚಿದರೆ ಆಳಕ್ಕೆ ಇಳಿಯುತ್ತದೆ. ಇದಕ್ಕೆ ನೆಟ್ಟಗಿನದೇ ಇಟ್ಟೆ.

ಸಂಜೆ, ಮೊದಲೇ ಮುಗಿಸಿದ್ದ ಇದರ ಜೋಡಿಯನ್ನು ನೀರಿಗೆ ಬಿಟ್ಟು ನೋಡಿದೆ. ಅದು ಎಡಕ್ಕೆ ಎಳೆಯುತ್ತಿತ್ತು. ಮೂತಿಯಲ್ಲಿ ದಾರ ಕಟ್ಟುವ ಬಳೆಯನ್ನು ಇಕ್ಕಳದಿಂದ ಒಂದು ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಿದೆ. ಮೀನು ಯಾವ ಕಡೆ ಹೋಗಬೇಕೋ ಬಳೆಯನ್ನು ಆ ಕಡೆಗೇ ಬಗ್ಗಿಸುವುದು. ಮತ್ತೆ ಎಳೆದಾಗ ನೇರವಾಗಿ ಬಂತು. ಎಳೆಯುವುದನ್ನು ನಿಲ್ಲಿಸಿದ ಮೇಲೂ ಬಾಲ ಇನ್ನೊಂದು ಸಲ ಪಕ್ಕಕ್ಕೆ ವಾಲಿ ನಿಂತಿತು. ದೊಡ್ಡ ಮೀನು ಹೆಚ್ಚಾಗಿ ಬಾಯಿ ಹಾಕುವುದು ಇಂಥ ಹೊತ್ತಿನಲ್ಲೇ.

ರಾತ್ರಿ ಹೊಸದರ ಎರಡೂ ತುಂಡಿಗೆ ಮರ ಮುಚ್ಚುವ ಮೊದಲ ಲೇಪ ಆಯಿತು. ನಾಳೆ ಸಣ್ಣ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಬೆನ್ನಿಗೆ ಕಡುಹಸಿರು, ಹೊಟ್ಟೆಗೆ ಬಿಳಿ. ಕಣ್ಣು ಮಾತ್ರ ಮೈಗೆ ತುಸು ದೊಡ್ಡದೇ ಬರೆಯಬೇಕು ಅಂತಿದ್ದೇನೆ.