ರಾಣಿಯ ಹಬ್ಬಕ್ಕೆ ಬೀದಿ ಮುಚ್ಚಿದ ದಿನ

ಹೋದ ತಿಂಗಳು ಬೆಂಗಳೂರಿಗೆ ಬಂದಿದ್ದಾಗ, ಚಾಮರಾಜಪೇಟೆಯ ಮನೆಯಲ್ಲಿ ಅಮ್ಮನ ಅಡುಗೆಮನೆಯ ಅಟ್ಟ ಒರೆಸುತ್ತಿದ್ದೆ. ಇಂಗಿನ ಡಬ್ಬಿಯ ಹಿಂದೆ ಪಿಂಗಾಣಿ ಲೋಟ ಸಿಕ್ಕಿತು. ಮೇಲೆ ರಾಣಿ ಎಲಿಜಬೆತ್ ಚಿತ್ರ, ಕೆಳಗೆ 1952–1977. ಬಂಗಾರದ ಅಂಚು ಅರ್ಧ ಸವೆದಿದೆ, ಹಿಡಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಅಮ್ಮ ಅದರಲ್ಲಿ ಲವಂಗ ತುಂಬಿಟ್ಟಿದ್ದರು. ಪಕ್ಕದ ಮನೆಯ ಹುಡುಗಿ ನೋಡಿ "ಯಾರಿವರು, ನಿಮ್ಮ ಮನೇಲಿ ಯಾಕಿದ್ದಾರೆ?" ಅಂದಳು. ಅವಳಿಗೆ ಹೇಳಿದ್ದನ್ನೇ, ಬರ್ಮಿಂಗ್‌ಹ್ಯಾಮ್‌ಗೆ ವಾಪಸ್ ಬಂದ ಮೇಲೆ ನಿಮಗೂ ಬರೆಯುತ್ತಿದ್ದೇನೆ.

1977ರಲ್ಲಿ ನನಗೆ ಏಳು ವರ್ಷ. ಅಪ್ಪ ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ನಮ್ಮ ಬೀದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು; ಕನ್ನಡದವರೆಂದರೆ ನಾವೊಬ್ಬರೇ. ಗೋಡೆ ಒಂದೇ ಆದರೂ ಮಾತುಕತೆ "ಮಾರ್ನಿಂಗ್" ಅನ್ನುವುದರ ಆಚೆ ಹೋಗಿರಲಿಲ್ಲ. ರಾಣಿ ಪಟ್ಟಕ್ಕೆ ಬಂದು 25 ವರ್ಷ ಆಯಿತೆಂದು ಜೂನ್ 7, ಮಂಗಳವಾರ ದೇಶಕ್ಕೆಲ್ಲ ರಜೆ ಕೊಟ್ಟರು. ಅವತ್ತು ಬೆಳಿಗ್ಗೆ ಬೀದಿಯ ಎರಡೂ ತುದಿಗೆ ಅಡ್ಡ ಕಟ್ಟಿ, ಕಾರುಗಳನ್ನೆಲ್ಲ ಆಚೆ ಸಾಗಿಸಿದರು. ಈ ಕಿಟಕಿಯಿಂದ ಆ ಕಿಟಕಿಗೆ ಬಣ್ಣದ ತೋರಣ. ಚರ್ಚಿನಿಂದ ತಂದ ಮೇಜುಗಳು ಸಾಲದೆ, ಯಾರೋ ಮನೆಯ ಬಾಗಿಲನ್ನೇ ಬಿಚ್ಚಿ ಇಟ್ಟಿಗೆಯ ಮೇಲೆ ಮಲಗಿಸಿದರು. ನಮ್ಮಪ್ಪನೂ ತೋಳು ಮಡಚಿಕೊಂಡು ಮೇಜು ಹೊತ್ತರು. ಅವರನ್ನು ಆ ಬೀದಿಯ ಗಂಡಸರು ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದು ಅವತ್ತೇ ಮೊದಲು.

ಪಂಕ್ತಿ ಊಟದ ಹಾಗೆಯೇ, ಮಕ್ಕಳೆಲ್ಲ ಎದುರುಬದುರು ಸಾಲಾಗಿ ಕೂತೆವು. ಮೀನು ಅರೆದು ಹಚ್ಚಿದ ಸ್ಯಾಂಡ್‌ವಿಚ್, ಸಾಸೇಜ್, ಅಲುಗಾಡುವ ಕೆಂಪು ಜೆಲ್ಲಿ. ಜೆಲ್ಲಿಗೆ ಹಾಕುವ ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ ಎಂದು ಅಮ್ಮನಿಗೆ ಗೊತ್ತಿತ್ತು. "ಅದು ಬೇಡ ಪುಟ್ಟಾ" ಎಂದು ಕಿವಿಯಲ್ಲಿ ಹೇಳಿ ಹೋದರು. ತಟ್ಟೆಯಲ್ಲಿ ಆಲೂಗಡ್ಡೆ ಚಿಪ್ಸ್ ಮಾತ್ರ ಇಟ್ಟುಕೊಂಡು, ಪಕ್ಕದವನ ಚಮಚೆಯಲ್ಲಿ ನಡುಗುವ ಜೆಲ್ಲಿ ನೋಡುತ್ತ ಕೂತಿದ್ದೆ. ಅಳು ಬರುವಂತಿತ್ತು. ಎದುರು ಮನೆಯ ಅಜ್ಜಿ ಬಂದು ಯಾಕೆ ತಿನ್ನುತ್ತಿಲ್ಲ ಎಂದು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಅವರು ತಲೆಯಾಡಿಸಿ ಪಕ್ಕದಲ್ಲೇ ಕೂತು 1953ರ ಕಥೆ ತೆಗೆದರು. ಪಟ್ಟಾಭಿಷೇಕದ ದಿನ ಮಳೆ ಹೊಡೆದದ್ದು, ಇನ್ನೂ ರೇಷನ್ ಇದ್ದ ಕಾಲದಲ್ಲಿ ಹಬ್ಬಕ್ಕೆಂದು ಸರ್ಕಾರ ತಲೆಗೆ ಒಂದು ಪೌಂಡ್ ಸಕ್ಕರೆ ಹೆಚ್ಚಿಗೆ ಕೊಟ್ಟದ್ದು, ಅದನ್ನೆಲ್ಲ ಬೀದಿಯ ಮಕ್ಕಳಿಗೆಂದು ಒಟ್ಟು ಮಾಡಿದ್ದು. ಸಂಜೆ ಪ್ರತಿ ಮಗುವಿಗೂ ಒಂದೊಂದು ಲೋಟ ಹಂಚಿದರು. ಅದೇ ಈ ಲೋಟ.

ನಾನು ನೀಲಿ ಕಾಗದದಲ್ಲಿ ಇದನ್ನೆಲ್ಲ ಬರೆದದ್ದಕ್ಕೆ ಚಾಮರಾಜಪೇಟೆಯಿಂದ ನನ್ನಜ್ಜಿಯ ಉತ್ತರ ಬಂತು. "ನಮಗೂ ಆಗಿತ್ತು ಕಣೋ. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ರಜತ ಮಹೋತ್ಸವ. ಮನೆಮನೆಗೂ ಮಾವಿನ ತೋರಣ ಕಟ್ಟಿದ್ದರು, ಇಸ್ಕೂಲಿನಲ್ಲಿ ಕಲ್ಲುಸಕ್ಕರೆ ಕೊಟ್ಟಿದ್ದರು." ಟೌನ್‌ಹಾಲ್ ಕಡೆಯ ಎಸ್‌ಜೆಪಿ ರಸ್ತೆ ಇದೆಯಲ್ಲ, ಅದರ ಪೂರ್ತಿ ಹೆಸರು ಸಿಲ್ವರ್ ಜುಬಿಲಿ ಪಾರ್ಕ್ ರಸ್ತೆ. ಆ ಮಹೋತ್ಸವದ ನೆನಪಿಗೇ ಬಂದ ಹೆಸರು. ಅಲ್ಲಿ ಮೋಟಾರು, ಬೋಲ್ಟು ಕೊಳ್ಳಲು ಹೋಗುವ ಎಷ್ಟು ಜನರಿಗೆ ಇದು ಗೊತ್ತು? ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ನಮ್ಮನ್ನು ಆಳಿದವರ ರಾಣಿಗೆ ನೀವ್ಯಾಕೆ ಹಬ್ಬ ಮಾಡಿದಿರಿ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸ್ವಾತಂತ್ರ್ಯ ಬಂದ ದಿನವನ್ನು ಕಣ್ಣಾರೆ ಕಂಡಿದ್ದ ಅಪ್ಪ ಅವತ್ತು ರಾಣಿಗೆ ಜೈಕಾರ ಹಾಕಲಿಲ್ಲ, ಮೇಜು ಮಾತ್ರ ಹೊತ್ತರು. ನನಗೂ ನೆನಪಿರುವುದು ರಾಣಿ ಅಲ್ಲ, ಕಾರಿಲ್ಲದ ಬೀದಿಯ ನಡುವೆ ಕುರ್ಚಿ ಹಾಕಿ ಕೂತ ಸುಖ. 2022ರಲ್ಲಿ, ರಾಣಿ ಪಟ್ಟಕ್ಕೆ ಬಂದು 70 ವರ್ಷ ಆದ ಪ್ಲಾಟಿನಂ ಹಬ್ಬಕ್ಕೆ ನಮ್ಮ ಬೀದಿ ಮುಚ್ಚಿಸಲು ನಾನೇ ಕೌನ್ಸಿಲ್‌ಗೆ ಅರ್ಜಿ ಹಾಕಿ, ಮನೆಮನೆ ತಿರುಗಿ ಒಪ್ಪಿಗೆ ಕೇಳಿದೆ.

1981ರ ಜುಲೈ 29, ಚಾರ್ಲ್ಸ್ ಮತ್ತು ಡಯಾನಾ ಮದುವೆ. ಮತ್ತೆ ಬೀದಿ ಮುಚ್ಚಿತು, ಮತ್ತೆ ಮೇಜುಗಳು ಬಂದವು. ಈ ಸಲ ಬಿಸಿಲಿತ್ತು. ನನಗೆ ಹನ್ನೊಂದು ವರ್ಷ, ಚಿಪ್ಸ್ ತಟ್ಟೆ ನಾನೇ ಹತ್ತಿರ ಎಳೆದುಕೊಂಡಿದ್ದೆ. ಎದುರು ಮನೆಯ ಅಜ್ಜಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಹೆಜ್ಜೆ ನೋಡಿಕೊಂಡು ರಸ್ತೆ ದಾಟಿ ಬಂದರು. ಬಟ್ಟಲಲ್ಲಿ ಮೊಲದ ಅಚ್ಚಿನಿಂದ ತೆಗೆದ ಗುಲಾಬಿ ಬಣ್ಣದ ಬ್ಲಮಾಂಜ್, ಜೆಲ್ಲಿಯ ಹಾಗೆ ಅಲುಗಾಡುವ ಸಿಹಿ. ನನ್ನ ಮುಂದೆ ಇಟ್ಟು, ಹಿಂದೆ ನಿಂತಿದ್ದ ಅಮ್ಮನ ಕಡೆ ತಿರುಗಿ, "ಬರೀ ಹಾಲು, ಸಕ್ಕರೆ, ಕಾರ್ನ್‌ಫ್ಲೋರ್. ಮೂಳೆ ಇಲ್ಲ" ಅಂದರು. ಅಮ್ಮ ಮಾತಾಡಲಿಲ್ಲ, ಸೆರಗಿನಿಂದ ಒಮ್ಮೆ ಕಣ್ಣೊತ್ತಿಕೊಂಡರು. ಆಮೇಲೆ ಚಮಚೆ ತೆಗೆದು, ಮೊಲದ ಒಂದು ಕಿವಿ ಮುರಿದು ನನ್ನ ಬಾಯಿಗಿಟ್ಟರು.