ಪಿಎಸ್ ಪಟ್ಟಿಯೂ ಅರ್ಧಕ್ಕೆ ನಿಂತಿತು

11 ಫೆಬ್ರವರಿ 2025, ಮಂಗಳವಾರ
ಚಿಕ್ಕಮಗಳೂರು

ಬೆಳಿಗ್ಗೆ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಮೇಸ್ತ್ರಿ ಫೋನ್ ಮಾಡಿದ್ರು. "ಸಾರ್, ನಿಮ್ಮ ಮೆಷಿನ್ ಮತ್ತೆ ಮಲಗ್ತು. ಕಪ್ಪು ಬೀಜ ಎಲ್ಲಾ ಒಳ್ಳೇದರ ಜೊತೆಗೇ ಬೀಳ್ತಿದೆ." ಬಣ್ಣ ನೋಡಿ ಬೀಜ ಬೇರೆ ಮಾಡುವ ಯಂತ್ರ ಅದು. ಮೇಲಿಂದ ಸುರಿಯುವ ಬೀಜವನ್ನು ಕ್ಯಾಮೆರಾ ನೋಡುತ್ತದೆ, ಕಪ್ಪು ಕಂಡರೆ ಗಾಳಿಯ ಕೊಳವೆ ಉಫ್ ಎಂದು ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಒಳಗಿರುವ ಬೋರ್ಡಿನಲ್ಲಿ ಓಡುವುದು ಲಿನಕ್ಸ್ ಕರ್ನಲ್ 6.6, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಕ್ಯಾಮೆರಾವನ್ನು ಕರ್ನಲ್‌ಗೆ ಹೊಂದಿಸುವ ಡ್ರೈವರ್ ಕೋಡ್ ಚಿಪ್ ಮಾರಿದವರೇ ಬರೆದುಕೊಟ್ಟದ್ದು. ಅದರ ಬಾಣಂತನ ಮಾತ್ರ ನನ್ನ ಪಾಲಿಗೆ.

ಮನೆಯಿಂದಲೇ ಲಾಗಿನ್ ಆಗಿ, ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಪಿಎಸ್ ಕಮಾಂಡ್ ಹೊಡೆದೆ. ಪಟ್ಟಿ ಸರಸರ ಇಳಿದು ಬಂತು, ಕ್ಯಾಮೆರಾ ಪ್ರೋಗ್ರಾಂ ಇರಬೇಕಾದ ಸಾಲಿನ ಹತ್ತಿರ ಗಕ್ಕನೆ ನಿಂತಿತು. ಮುಂದಿನ ಸಾಲೇ ಇಲ್ಲ, ಕರ್ಸರ್ ಮಾತ್ರ ಮಿಣುಕುತ್ತಿದೆ. ಸರಿ, ರೋಗ ಎಲ್ಲಿದೆ ಅಂತ ಗೊತ್ತಾಯ್ತು. ಒಂದು ಪ್ರೋಗ್ರಾಂನ ಪೂರ್ತಿ ಕಮಾಂಡ್ ತೋರಿಸಲು ಪಿಎಸ್ ಆ ಪ್ರೋಗ್ರಾಂನ ಮೆಮೊರಿಯನ್ನೇ ಓದಬೇಕು. ಅದಕ್ಕೆ ಅದರ ಎಂಮ್ಯಾಪ್ ಲಾಕ್, ಅಂದರೆ ಆ ಪ್ರೋಗ್ರಾಂನ ಮೆಮೊರಿ ನಕ್ಷೆಯನ್ನು ಕಾಯುವ ಬೀಗ, ಬೇಕು. ಆ ಲಾಕನ್ನು ಯಾರೋ ಬರೆಯುವುದಕ್ಕೆಂದು ಹಿಡಿದುಕೊಂಡು ಬಿಡದೆ ಕೂತಿದ್ದರೆ, ನೋಡಲು ಹೋದ ಪಿಎಸ್ಸೂ ಬಾಗಿಲಲ್ಲೇ ನಿಲ್ಲುತ್ತದೆ. ಕರ್ನಲ್ ಲಾಗ್‌ನಲ್ಲೂ ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ಬೇರೆಯಾಗಿ ಓಡುವ ಒಂದು ಎಳೆ) 120 ಸೆಕೆಂಡಿಗಿಂತ ಹೆಚ್ಚು ಹೊತ್ತಿನಿಂದ ಅಲುಗಾಡಿಲ್ಲ ಎಂಬ ದೂರು ಬಿದ್ದಿತ್ತು.

ವರ್ಕ್ಸ್‌ನವರಿಗೆ ಇಷ್ಟು ದಿನ ಗೊತ್ತಿದ್ದ ಮದ್ದು ಒಂದೇ, ಕಿಲ್ -9, ಅಂದರೆ ಪ್ರೋಗ್ರಾಂ ಅನ್ನು ಬಲವಂತವಾಗಿ ಕೊಲ್ಲುವ ಕಮಾಂಡ್. ಕೊಟ್ಟ ಕೂಡಲೇ ಪ್ರೋಗ್ರಾಂ ಸಾಯುತ್ತಿತ್ತು, ಮತ್ತೆ ಶುರುವಾಗುತ್ತಿತ್ತು, ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹಳೇ ಕರ್ನಲ್ ಆಗಿದ್ದರೆ ಆ ಕಿಲ್‌ಗೂ ಜಗ್ಗದೆ ಬೋರ್ಡನ್ನೇ ಆಫ್ ಮಾಡಿಸುತ್ತಿತ್ತು. 2023ರಲ್ಲಿ ಸ್ಟ್ಯಾಕ್‌ರಾಟ್ ಎಂಬ ದೋಷ ಹೊರಬಿತ್ತಲ್ಲ, 6.1ರಿಂದ 6.4ರವರೆಗಿನ ಕರ್ನಲ್‌ಗಳಲ್ಲಿ ಸ್ಟ್ಯಾಕ್ (ಪ್ರೋಗ್ರಾಂನ ತಾತ್ಕಾಲಿಕ ಮೆಮೊರಿ) ಬೆಳೆಸುವಾಗ ಒಬ್ಬನೇ ಹಿಡಿಯುವ ರೈಟ್ ಲಾಕ್ ಬೇಕಾದ ಕಡೆ ಹಲವರು ಒಟ್ಟಿಗೆ ಹಿಡಿಯಬಹುದಾದ ರೀಡ್ ಲಾಕ್ ಮಾತ್ರ ಹಿಡಿಯುತ್ತಿದ್ದದ್ದು, ಅದನ್ನು ಲಿನಕ್ಸ್ ಹುಟ್ಟಿಸಿದ ಲೈನಸ್ ಟೋರ್ವಾಲ್ಡ್ಸ್ ಸರಿಪಡಿಸಿದ ಹೊತ್ತಿನಲ್ಲೇ ಪೇಜ್ ಫಾಲ್ಟ್ (ಬೇಕಾದ ಪುಟ ಮೆಮೊರಿಯಲ್ಲಿ ಸಿಗದೆ ಕರ್ನಲ್ ಅದನ್ನು ಒದಗಿಸಬೇಕಾಗುವುದು) ವೇಳೆ ಲಾಕಿಗಾಗಿ ಕಾಯುವವರನ್ನು ಕೊಲ್ಲಬಹುದಾದ ವ್ಯವಸ್ಥೆಯೂ ಬಂತು. ಉಪಕಾರವೇ. ಆದರೆ ನಮ್ಮ ಡ್ರೈವರ್‌ನ ಹುಳುಕು ಅದರ ಮರೆಯಲ್ಲಿ ಆರಾಮಾಗಿ ಇದ್ದುಬಿಟ್ಟಿತು.

ಮೇಜಿನ ಮೇಲಿರುವ ಇನ್ನೊಂದು ಬೋರ್ಡಿಗೆ ಲಾಕ್‌ಡೆಪ್ ಹಾಕಿ ಕರ್ನಲ್ ಕಟ್ಟಿದೆ. ಇಂಗೋ ಮೋಲ್ನಾರ್ ಬರೆದ ಈ ಕಾವಲುಗಾರ 2006ರಲ್ಲಿ, 2.6.18ರಿಂದ ಕರ್ನಲ್‌ನಲ್ಲಿದ್ದಾನೆ. ಯಾವ ಲಾಕ್ ಹಿಡಿದಿರುವಾಗ ಯಾವ ಲಾಕಿಗೆ ಕೈ ಹಾಕಿದಿರಿ ಎಂದು ಬರೆದಿಟ್ಟುಕೊಳ್ಳುತ್ತಾನೆ. ಒಮ್ಮೆ ಹೀಗೆ, ಇನ್ನೊಮ್ಮೆ ಹಾಗೆ ಮಾಡಿದಿರೋ, ಯಂತ್ರ ನಿಲ್ಲುವವರೆಗೆ ಕಾಯದೆ ಕೂಗು ಹಾಕುತ್ತಾನೆ. ಪ್ರೋಗ್ರಾಂ ಎದ್ದ ಸ್ವಲ್ಪ ಹೊತ್ತಿಗೇ ಕೂಗು ಬಂತು.

ಆಗಿದ್ದು ಇಷ್ಟು. ಒಂದು ಥ್ರೆಡ್ ಡ್ರೈವರ್‌ಗೆ ಐಯಾಕ್ಟಲ್ (ಡ್ರೈವರ್‌ಗೆ ಆಜ್ಞೆ ಕೊಡುವ ಸಿಸ್ಟಂ ಕರೆ) ಕರೆದು ಅಂಕಿ-ಅಂಶ ಕೇಳುತ್ತದೆ. ಡ್ರೈವರ್ ತನ್ನ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬನೇ ಹಿಡಿಯಬಹುದಾದ ಲಾಕ್) ಹಿಡಿದು, ಹಿಡಿದಂತೆಯೇ ಕಾಪಿ-ಟು-ಯೂಸರ್, ಅಂದರೆ ಪ್ರೋಗ್ರಾಂನ ಮೆಮೊರಿಗೆ ನಕಲು, ಮಾಡುತ್ತದೆ. ತುಂಬಬೇಕಾದ ಬಫರ್ ಇನ್ನೂ ಯಾರೂ ಮುಟ್ಟದ ಹೊಸ ಪುಟವಾಗಿದ್ದರೆ ಅಲ್ಲೇ ಪೇಜ್ ಫಾಲ್ಟ್, ಅದಕ್ಕೆ ಎಂಮ್ಯಾಪ್ ಲಾಕ್ ಬೇಕು. ಅದೇ ಹೊತ್ತಿಗೆ ಇನ್ನೊಂದು ಥ್ರೆಡ್, ಡ್ರೈವರ್‌ನ ಬಫರನ್ನು ಪ್ರೋಗ್ರಾಂನ ಮೆಮೊರಿಗೆ ಜೋಡಿಸಿಕೊಳ್ಳಲು, ಎಂಮ್ಯಾಪ್ ಕರೆದಿದೆ. ಕರ್ನಲ್ ಎಂಮ್ಯಾಪ್ ಲಾಕ್ ಹಿಡಿದ ಮೇಲೆಯೇ ಡ್ರೈವರ್‌ನ ಎಂಮ್ಯಾಪ್ ಫಂಕ್ಷನ್‌ಗೆ ಬರುವುದು, ಆ ಫಂಕ್ಷನ್ ಮ್ಯೂಟೆಕ್ಸ್ ಕೇಳುತ್ತದೆ. ಇವನದ್ದು ಅವನ ಕೈಲಿ, ಅವನದ್ದು ಇವನ ಕೈಲಿ. ಬಫರ್ ಪುಟ ಸಾಮಾನ್ಯವಾಗಿ ಮೆಮೊರಿಯಲ್ಲೇ ಇರುವುದರಿಂದ ಇದು ಯಾವಾಗಲೋ ಒಮ್ಮೆ ಮಾತ್ರ ಸಂಭವಿಸುತ್ತದೆ. ಲಾಕ್‌ಡೆಪ್‌ಗೆ ನಿಜವಾದ ಫಾಲ್ಟ್ ಬೇಕಾಗಿಲ್ಲ. ಕಾಪಿ-ಟು-ಯೂಸರ್ ಒಳಗೆ "ಇಲ್ಲಿ ಫಾಲ್ಟ್ ಆಗಬಹುದು" ಎಂದು ಕರ್ನಲ್‌ನವರು ಮೊದಲೇ ಗುರುತು ಹಾಕಿಟ್ಟಿದ್ದಾರೆ. ಈ ಒಂದು ಸಾಲಿಗೆ ನನ್ನ ನಮಸ್ಕಾರ.

ಅಕ್ಕನ ಮಗ ಇಂಜಿನಿಯರಿಂಗ್ ಕೊನೇ ವರ್ಷ, ರಜಕ್ಕೆ ಬಂದಿದ್ದಾನೆ. ಹಿಂದೆ ನಿಂತು ನೋಡುತ್ತಿದ್ದ.

"ಚಾರ್ಮಾಡಿ ತಿರುವಲ್ಲಿ ಎರಡು ಲಾರಿ ಎದುರುಬದುರು ಆದಂಗೆ ಅಲ್ವಾ ಮಾವ?"

"ಅಲ್ಲಿ ಒಬ್ಬ ರಿವರ್ಸ್ ತಗೋತಾನೆ ಕಣೋ. ಇಲ್ಲಿ ರಿವರ್ಸ್ ಗೇರೇ ಇಲ್ಲ."

"6.4ರಿಂದ ಒಂದೊಂದು ವಿಎಂಎಗೂ, ಅಂದ್ರೆ ಪ್ರೋಗ್ರಾಂನ ಮೆಮೊರಿಯ ಒಂದೊಂದು ತುಂಡಿಗೂ, ಬೇರೆ ಲಾಕ್ ಬಂದಿದೆಯಂತಲ್ಲ? ಫಾಲ್ಟ್‌ಗೆ ಎಂಮ್ಯಾಪ್ ಲಾಕ್ ಬೇಕಾಗಲ್ವಲ್ಲ."

ಹುಡುಗ ಓದಿಕೊಂಡಿದ್ದಾನೆ, ಖುಷಿಯಾಯ್ತು. ಆದರೆ ಆ ಒಳದಾರಿ ಪ್ರೋಗ್ರಾಂ ತಾನೇ ಯೂಸರ್ ಮೋಡ್‌ನಲ್ಲಿ ಓಡುವಾಗ ಆಗುವ ಫಾಲ್ಟ್‌ಗೆ ಮಾತ್ರ. 6.6ರ ಕೋಡ್ ತೆಗೆದು ತೋರಿಸಿದೆ. ಕರ್ನಲ್ ಒಳಗಿಂದ, ಅಂದರೆ ಕಾಪಿ-ಟು-ಯೂಸರ್ ನಡುವೆ ಆದ ಫಾಲ್ಟ್ ನೇರ ಎಂಮ್ಯಾಪ್ ಲಾಕಿನ ಸಾಲಿಗೇ ಹೋಗಿ ನಿಲ್ಲುತ್ತದೆ.

ಬೆಂಗಳೂರಿನ ಸಹೋದ್ಯೋಗಿಯ ಸಲಹೆ ಟ್ರೈಲಾಕ್ (ಕಾಯದೆ ಲಾಕನ್ನು ಒಮ್ಮೆ ಕೇಳಿ ನೋಡುವುದು) ಹಾಕಿ, ಸಿಗದಿದ್ದರೆ ಎಂಮ್ಯಾಪ್‌ನಿಂದ "ಬ್ಯುಸಿ" ಎಂದು ವಾಪಸ್ ಕಳಿಸುವುದು. ನಾನು ಒಪ್ಪಲಿಲ್ಲ. ಬ್ಯುಸಿ ಅಂದರೆ ಮತ್ತೆ ಕೇಳಬೇಕು ಎಂದು ಆ ಕ್ಯಾಮೆರಾ ಪ್ರೋಗ್ರಾಂಗೆ ಯಾರೂ ಹೇಳಿಕೊಟ್ಟಿಲ್ಲ. ಅದು ಸೀದಾ ಮುಚ್ಚಿಕೊಳ್ಳುತ್ತದೆ, ಮೇಸ್ತ್ರಿ ಮತ್ತೆ ಫೋನ್ ಮಾಡುತ್ತಾರೆ. ರೋಗ ಬಿಟ್ಟು ಜ್ವರಕ್ಕೆ ಔಷಧಿ ಕೊಟ್ಟ ಹಾಗೆ ಟ್ರೈಲಾಕ್ ಹಾಕಿದ ಕೋಡ್ ನಾನು ಬೇಕಾದಷ್ಟು ನೋಡಿದ್ದೇನೆ.

ಮ್ಯೂಟೆಕ್ಸ್ ಕಾಯಬೇಕಾದದ್ದು ಡ್ರೈವರ್‌ನ ಬಫರ್ ಪಟ್ಟಿ ಮತ್ತು ಅಂಕಿ-ಅಂಶವನ್ನು. ಬಳಕೆದಾರನ ಮೆಮೊರಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಮ್ಯೂಟೆಕ್ಸ್ ಹಿಡಿದು ಅಂಕಿಗಳನ್ನು ಒಂದು ಸ್ಥಳೀಯ ಸ್ಟ್ರಕ್ಟ್‌ಗೆ ನಕಲು ಮಾಡಿ, ಬಿಟ್ಟು, ಆಮೇಲೆ ಕಾಪಿ-ಟು-ಯೂಸರ್. ಬಣ್ಣದ ಟೇಬಲ್ ಕೊಡುವ ಐಯಾಕ್ಟಲ್‌ನಲ್ಲಿ ಇಷ್ಟು ಸುಲಭ ಆಗಲಿಲ್ಲ. ಆ ಟೇಬಲ್ ಕರ್ನಲ್ ಸ್ಟ್ಯಾಕ್‌ನಲ್ಲಿ ಹಿಡಿಸುವಂಥದ್ದಲ್ಲ. ಅದಕ್ಕೆ ಮ್ಯೂಟೆಕ್ಸ್ ಹಿಡಿಯುವ ಮೊದಲೇ ಬಫರ್ ಅಲೊಕೇಟ್ ಮಾಡಿಸಿದೆ. ಟೇಬಲ್ ಬರೆಸುವ ದಾರಿಯಲ್ಲಿ ಕಾಪಿ-ಫ್ರಮ್-ಯೂಸರ್ ಕೂಡ ಮ್ಯೂಟೆಕ್ಸ್ ಒಳಗೇ ಇತ್ತು, ಅದನ್ನೂ ಹೊರಗೆ ಮೊದಲಿಗೇ ಎಳೆದುಹಾಕಿದೆ. ಈಗ ಕ್ರಮ ಒಂದೇ: ಹೊರಗೆ ಎಂಮ್ಯಾಪ್ ಲಾಕ್, ಒಳಗೆ ನಮ್ಮ ಮ್ಯೂಟೆಕ್ಸ್. ಕರ್ನಲ್‌ನ ಆರ್‌ಮ್ಯಾಪ್ ಫೈಲ್‌ನ ತಲೆಯಲ್ಲಿ ಮೆಮೊರಿ ಲಾಕ್‌ಗಳ ಕ್ರಮವನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟಿದ್ದಾರೆ. ನಮ್ಮ ಡ್ರೈವರ್ ಫೈಲ್‌ನ ತಲೆಯಲ್ಲೂ ಒಂದು ಸಾಲು ಬರೆದೆ.

ಸಂಜೆ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಓಡಿಸಿದೆ, ಆ ಕೂಗು ಇಲ್ಲ. ಆದರೆ ಕೋಡ್ ಕೊನೆಯವರೆಗೆ ಓದುವಾಗ ಇನ್ನೊಂದು ಸಿಕ್ಕಿತು. ನಾವು ಪರೀಕ್ಷಿಸುವ ಪ್ರೋಗ್ರಾಂ ಕರೆಯದ ಒಂದು ಐಯಾಕ್ಟಲ್, ಮ್ಯೂಟೆಕ್ಸ್ ಹಿಡಿದುಕೊಂಡೇ, ಪ್ರೋಗ್ರಾಂನ ಪುಟಗಳನ್ನು ಮೆಮೊರಿಯಲ್ಲಿ ಅಲುಗದಂತೆ ಹಿಡಿದಿಡುವ ಪಿನ್-ಯೂಸರ್-ಪೇಜಸ್-ಫಾಸ್ಟ್ ಕರೆಯುತ್ತದೆ. ಹೆಸರಲ್ಲಿ ಫಾಸ್ಟ್ ಇದೆ ನಿಜ, ಆದರೆ ಪುಟ ಸಿಗದಿದ್ದರೆ ಅದೂ ನಿಧಾನದ ದಾರಿಗಿಳಿದು ಎಂಮ್ಯಾಪ್ ಲಾಕನ್ನೇ ಕೇಳುತ್ತದೆ. ಪ್ಯಾಚ್ ಕಳಿಸಿಲ್ಲ. ನಾಳೆ ಅದನ್ನೂ ಸೇರಿಸಿಯೇ ಕಳಿಸುವುದು.