ಬಾಣದ ತುದಿಗೆ ಯಾವುದು?

ಹೋದ ವಾರ ಇಲ್ಲೇ ಅಮೆರಿಕದ ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಿಂದ ದಾವಣಗೆರೆ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಹೊಸದಾಗಿ ಬಿಲ್ಲು ತಗೊಂಡಿದ್ದಾನೆ. "ಅಕ್ಕ, ಅಂಗಡೀಲಿ ಒಂದು ಗೋಡೆ ತುಂಬ ಬ್ರಾಡ್‌ಹೆಡ್ ನೇತು ಹಾಕಿದಾರೆ. ಯಾವುದು ತಗೊಳ್ಳಲಿ?" ಅಂದ. ಬ್ರಾಡ್‌ಹೆಡ್ ಅಂದರೆ ಬೇಟೆ ಬಾಣದ ತುದಿಗೆ ಹಾಕುವ, ಅಲಗು ಇರುವ ಮೊನೆ. ಒಂದೇ ಮಾತಲ್ಲಿ ಹೇಳೋಕಾಗಲ್ಲಪ್ಪ, ಬರೆದು ಕಳಿಸ್ತೀನಿ ಅಂದೆ. ಬರೆಯುತ್ತಾ ಉದ್ದವಾಯಿತು. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಊರಿನವರು ಓದುತ್ತಿದ್ದರೆ ಮೊದಲು ಒಂದು ಮಾತು. ಇದು ಮಿಷಿಗನ್‌ನ ಬಿಳಿಬಾಲದ ಜಿಂಕೆಯ ವಿಷಯ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಜಿಂಕೆ, ಕಡವೆ ಮುಟ್ಟಿದರೆ ಜೈಲು, ಅದು ಹಾಗೇ ಇರಬೇಕು. ಇಲ್ಲಿ ಲೆಕ್ಕ ಬೇರೆ. ಈ ರಾಜ್ಯದಲ್ಲಿ ವರ್ಷಕ್ಕೆ 50,000ಕ್ಕೂ ಹೆಚ್ಚು ಸಲ ಜಿಂಕೆಗೂ ಗಾಡಿಗೂ ಡಿಕ್ಕಿಯಾಗುತ್ತದೆ. ಪರವಾನಗಿ ಕೊಟ್ಟು, ಲೆಕ್ಕ ಇಟ್ಟು, ಸರ್ಕಾರವೇ ಬೇಟೆಗೆ ಬಿಡುತ್ತದೆ. ಬಿಲ್ಲಿನವರಿಗೆ ಅಕ್ಟೋಬರ್ 1ರಿಂದ ಶುರು.

ಬಾಣದಿಂದ ಜಿಂಕೆ ಹೇಗೆ ಸಾಯುತ್ತದೆ ಅನ್ನೋದು ಗೊತ್ತಿರಬೇಕು. ಗುಂಡಿನ ಹಾಗೆ ಬಾಣಕ್ಕೆ ದೊಡ್ಡ ಹೊಡೆತ ಇಲ್ಲ. ಅದು ಕೊಯ್ಯುತ್ತದೆ, ಅಷ್ಟೇ. ಎರಡೂ ಶ್ವಾಸಕೋಶದ ಮೂಲಕ ಚೂಪಾದ ಅಲಗು ಹಾದುಹೋದರೆ ರಕ್ತ ಬೇಗ ಹರಿದು, ಹೆಚ್ಚಿನ ಸಲ ನೂರು ಗಜದೊಳಗೆ ಪ್ರಾಣಿ ಬೀಳುತ್ತದೆ. ಅಲಗು ಮೊಂಡಾಗಿದ್ದರೆ ರಕ್ತನಾಳಗಳನ್ನು ಪಕ್ಕಕ್ಕೆ ತಳ್ಳಿ ಹೋಗುತ್ತದೆ, ಕೊಯ್ಯುವುದಿಲ್ಲ. ಸಕಲೇಶಪುರದ ನಮ್ಮ ಮನೆಯಲ್ಲಿ ಅಮ್ಮ ಹಣ್ಣು ಟೊಮೆಟೊ ಇಟ್ಟು ಈಳಿಗೆ ಮಣೆ ಪರೀಕ್ಷೆ ಮಾಡುತ್ತಿದ್ದರು. ಒತ್ತದೆ ಸಿಪ್ಪೆ ಬಿಟ್ಟುಕೊಟ್ಟರೆ ಸರಿ, ಹಣ್ಣು ಅಮುಕಿದರೆ ಮತ್ತೆ ಸಾಣೆಗೆ. ಬ್ರಾಡ್‌ಹೆಡ್ ಬಗ್ಗೆ ನಾನು ಕಲಿತ ಮೊದಲ ಪಾಠ ಅಲ್ಲೇ ಇತ್ತು, ಆಗ ಗೊತ್ತಿರಲಿಲ್ಲ.

ಗೋಡೆ ತುಂಬ ಇದ್ದರೂ ಮುಖ್ಯವಾಗಿ ಎರಡೇ ಜಾತಿ. ಒಂದು, ಅಲಗು ಯಾವಾಗಲೂ ಹೊರಗೇ ಇರುವ ಫಿಕ್ಸೆಡ್. ಇನ್ನೊಂದು ಮೆಕ್ಯಾನಿಕಲ್. ಹಾರುವಾಗ ಅಲಗು ಮಡಚಿಕೊಂಡಿರುತ್ತದೆ, ತಾಗಿದಾಗ ಬಿಚ್ಚಿಕೊಳ್ಳುತ್ತದೆ. ಮೆಕ್ಯಾನಿಕಲ್ ಮೇಲೆ ಜನರಿಗೆ ಯಾಕೆ ಆಸೆ ಅಂತ ನನಗೆ ಚೆನ್ನಾಗಿ ಗೊತ್ತು. ಮಡಚಿರುವುದರಿಂದ ಗಾಳಿ ಹಿಡಿಯುವುದು ಕಡಿಮೆ. ಅಭ್ಯಾಸದ ಮೊನೆ ಎಲ್ಲಿ ಬೀಳುತ್ತದೋ ಹೆಚ್ಚುಕಮ್ಮಿ ಅಲ್ಲೇ ಬೀಳುತ್ತದೆ. ಬಿಚ್ಚಿಕೊಂಡರೆ ಎರಡು ಅಂಗುಲ ಅಗಲದ ಗಾಯ. ನಾನೂ ಮೊದಲು ಅದನ್ನೇ ತಂದಿದ್ದೆ.

2020ರ ನವೆಂಬರ್ ಮೊದಲ ವಾರ, ನನ್ನ ಎರಡನೇ ವರ್ಷದ ಬೇಟೆ. ಪಕ್ಕದ ಮನೆ ಅಜ್ಜನ ಸೋಯಾ ಹೊಲದ ಅಂಚಿನಲ್ಲಿ, ಓಕ್ ಮರದ ಅಟ್ಟಣೆ ಮೇಲೆ ಕೂತಿದ್ದೆ. ಸಂಜೆ ಐದರ ಹತ್ತಿರ ಒಂದು ಹೆಣ್ಣು ಜಿಂಕೆ 22 ಗಜದಲ್ಲಿ ಬಂದು ನಿಂತಿತು. ಪೂರ್ತಿ ಅಡ್ಡ ನಿಂತಿರಲಿಲ್ಲ, ಬೆನ್ನು ಸ್ವಲ್ಪ ಜಾಸ್ತಿಯೇ ನನ್ನ ಕಡೆಗಿತ್ತು. ಗುರಿ ಇಟ್ಟ ಜಾಗಕ್ಕೇ ಬಾಣ ಬಿತ್ತು. ಆದರೆ ಒಳಗೆ ಹೋಗಿದ್ದು ಒಂದು ಗೇಣು ಮಾತ್ರ. ಓರೆಯಾಗಿ ತಾಗಿದಾಗ ಒಂದು ಅಲಗು ಪಕ್ಕೆಲುಬಿಗೆ ಸಿಕ್ಕಿ, ಬಾಣ ಪಕ್ಕಕ್ಕೆ ಜಾರಿತ್ತು. ನೂರೈವತ್ತು ಗಜದವರೆಗೆ ರಕ್ತ ಸಿಕ್ಕಿತು, ಆಮೇಲೆ ಏನೂ ಇಲ್ಲ. ರಾತ್ರಿ ಬಿಟ್ಟು, ಬೆಳಗ್ಗೆ ವಾಸನೆ ಹಿಡಿಯುವ ನಾಯಿ ಸಾಕಿದವರನ್ನು ಕರೆಸಿದೆವು. ಸರಪಳಿ ಕಟ್ಟಿದ ನಾಯಿ ಮೂರು ಗಂಟೆ ಹುಡುಕಿತು. ಜಿಂಕೆ ಸಿಗಲಿಲ್ಲ.

ಆ ವರ್ಷ ನಾನು ಮತ್ತೆ ಅಟ್ಟಣೆ ಹತ್ತಲಿಲ್ಲ. ಆ ಪ್ರಾಣಿ ಬದುಕಿತೋ, ಎಲ್ಲೋ ಪೊದೆಯಲ್ಲಿ ನರಳಿ ಸತ್ತಿತೋ. ಈಗಲೂ ಆ ಓಕ್ ಮರ ಕಂಡಾಗ ನೆನಪಾಗುತ್ತದೆ. ಆ ಓರೆಗೆ ನಾನು ಬಾಣ ಬಿಡಬಾರದಿತ್ತು, ಅದು ನನ್ನ ತಪ್ಪು. ಆದರೆ ಪ್ಯಾಕಿನಲ್ಲಿ ಉಳಿದಿದ್ದ ಎರಡು ಮೊನೆಗಳನ್ನೂ ಬಿಚ್ಚಿ ನೋಡಿದೆ. ನನ್ನ ಕೆಲಸವೇ ಗಾಡಿ ಬಿಡಿಭಾಗಗಳ ಪರೀಕ್ಷೆ, ಅಳೆಯದೆ ಸುಮ್ಮನಿರಲು ಆಗುವುದಿಲ್ಲ. ಅಲಗನ್ನು ಹಿಡಿದಿಡಲು ಒಂದು ಸಣ್ಣ ರಬ್ಬರ್ ಬಳೆ ಇತ್ತು. ಒಂದರಲ್ಲಿ ಅದು ಸಡಿಲ, ಬೆರಳು ತಾಗಿದರೆ ಅಲಗು ಬಿಚ್ಚಿಕೊಳ್ಳುತ್ತಿತ್ತು. ಇನ್ನೊಂದರಲ್ಲಿ ಬಿಗಿ, ಚಳಿಗೆ ಇನ್ನೂ ಗಟ್ಟಿಯಾಗಿತ್ತು. ಒಂದೇ ಡಬ್ಬಿಯ ಎರಡು ಮೊನೆ, ಎರಡು ಥರದ ನಡತೆ. ಚಲಿಸುವ ಭಾಗ ಜಾಸ್ತಿಯಾದಷ್ಟೂ ಕೆಡುವ ದಾರಿ ಜಾಸ್ತಿ ಅಂತ ಫ್ಯಾಕ್ಟರಿಯಲ್ಲಿ ದಿನಾ ನೋಡುತ್ತೇನೆ. ಬಾಣದ ತುದಿಗೆ ಅದನ್ನೇ ಯಾಕೆ ಹಾಕಿದೆ ಅಂತ ನನಗೆ ಬೇಜಾರಾಯಿತು.

ಇನ್ನೊಂದು ಕಾರಣ ನನ್ನ ಬಿಲ್ಲು. ಅದರ ಎಳೆತ, ಅಂದರೆ ಹೆದೆ ಎಳೆಯಲು ಬೇಕಾದ ಬಲ, 48 ಪೌಂಡ್. ನನ್ನ ತೋಳೂ ಗಿಡ್ಡ, ಹೆಚ್ಚು ದೂರ ಎಳೆಯಲಾಗುವುದಿಲ್ಲ. 440 ಗ್ರೇನ್ ತೂಕದ ಬಾಣ ಸೆಕೆಂಡಿಗೆ ಸುಮಾರು 210 ಅಡಿ ಹೋಗುತ್ತದೆ. ಲೆಕ್ಕ ಹಾಕಿದರೆ 43 ಫುಟ್-ಪೌಂಡ್ ಶಕ್ತಿ. ಜಿಂಕೆಗೆ ಇದು ಸಾಕು, ಆದರೆ ಪೋಲು ಮಾಡುವಷ್ಟಿಲ್ಲ. ಮೆಕ್ಯಾನಿಕಲ್ ಮೊನೆ ಅಲಗು ಬಿಚ್ಚಿಕೊಳ್ಳಲು ಒಂದಷ್ಟು ಶಕ್ತಿ ತಿನ್ನುತ್ತದೆ. ಅಷ್ಟು ಅಗಲದ ಗಾಯ ಕೊಯ್ಯಲು ಇನ್ನಷ್ಟು. 70 ಪೌಂಡ್ ಎಳೆಯುವವರಿಗೆ ಅದು ದೊಡ್ಡದಲ್ಲ. ನನ್ನಂಥವರಿಗೆ ದೊಡ್ಡದು. ಯಾರೇ ಸಲಹೆ ಕೊಟ್ಟರೂ ಮೊದಲು ಅವರ ಬಿಲ್ಲು ಎಷ್ಟು ಪೌಂಡ್ ಅಂತ ಕೇಳು.

ಗ್ರೇನ್ ಅಂದರೆ ಬಾರ್ಲಿ ಕಾಳಿನ ತೂಕದಿಂದ ಬಂದ ಅಳತೆ. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದ್ದ ಹಾಗೆ. ಒಂದು ತೊಲ ಅಂದರೆ 180 ಗ್ರೇನ್. ಹಾಗಾಗಿ ಎಲ್ಲರೂ ಬಳಸುವ 100 ಗ್ರೇನ್ ಮೊನೆ ಅರ್ಧ ತೊಲಕ್ಕಿಂತ ಸ್ವಲ್ಪ ಜಾಸ್ತಿ, ಆರೂವರೆ ಗ್ರಾಂ. ಅಷ್ಟು ಚಿಕ್ಕ ಲೋಹದ ಮೇಲೆ ಎಲ್ಲ ನಿಂತಿದೆ ಅಲ್ವಾ?

ಮರುವರ್ಷ ಬೇಸಿಗೆಯಲ್ಲಿ ಅಜ್ಜ ಒಂದು ತಂಬಾಕಿನ ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ಒಳಗೆ ಹಳೆಯ ಬೇರ್ ರೇಜರ್‌ಹೆಡ್‌ಗಳು. ಎರಡು ದೊಡ್ಡ ಅಲಗು, ಮಧ್ಯೆ ತೂರಿಸುವ ತೆಳು ಬ್ಲೇಡ್. ಇದನ್ನು 1956ರಲ್ಲಿ ಹೊರತಂದವರು ಫ್ರೆಡ್ ಬೇರ್. ಅಮೆರಿಕದಲ್ಲಿ ಬಿಲ್ಲಿನ ಬೇಟೆಗೆ ಹೆಸರು ತಂದುಕೊಟ್ಟ ಮನುಷ್ಯ. ಅವರ ಕಾರ್ಖಾನೆ ಆಗ ಇಲ್ಲಿಂದ ಉತ್ತರಕ್ಕೆ ಎರಡು ಗಂಟೆ ದಾರಿಯ ಗ್ರೇಲಿಂಗ್ ಊರಿನಲ್ಲಿತ್ತು. ಅಜ್ಜ ಅದರಲ್ಲಿ ಒಂದನ್ನು ಅರ ಹಾಕಿ, ಸಾಣೆ ಹಿಡಿದು, ಬಿಗಿಯಾಗಿ ಎಳೆದ ರಬ್ಬರ್ ಬ್ಯಾಂಡ್ ಮೇಲೆ ಮೆಲ್ಲಗೆ ತಾಗಿಸಿದರು. ಪಟ್ ಅಂತ ತುಂಡಾಯಿತು. ಅರವತ್ತು ವರ್ಷ ಹಳೆಯ ಉಕ್ಕು! ನನಗೆ ಬೇಕಾದ್ದು ಇಂಥದ್ದೇ ಅಂತ ಅವತ್ತೇ ಗೊತ್ತಾಯಿತು.

ಆ ಬೇಸಿಗೆ ಮೂರು ಫಿಕ್ಸೆಡ್ ಮೊನೆಗಳನ್ನು ನೋಡಿದೆ. ಮೊದಲನೆಯದು ಬ್ಲೇಡ್ ಬದಲಾಯಿಸುವಂಥದ್ದು. ಡಬ್ಬಿಯಿಂದ ತೆಗೆದಾಗಲೇ ಕ್ಷೌರದ ಬ್ಲೇಡಿನಷ್ಟು ಚೂಪು, ಆದರೆ ಅಲಗು ತೆಳು. ಎರಡನೆಯದು ಮ್ಯಾಗ್ನಸ್ ಸ್ಟಿಂಗರ್. ರೇಜರ್‌ಹೆಡ್ ವಂಶದ್ದೇ ಅನ್ನಬಹುದು, ಎರಡು ಅಲಗು, ಜೊತೆಗೆ ಚಿಕ್ಕ ಅಡ್ಡ ಬ್ಲೇಡು. ಒಳಗೆ ನುಗ್ಗುವುದರಲ್ಲಿ ಇದರ ಸಮ ಇಲ್ಲ. ನಿನ್ನ ಬಿಲ್ಲು 45 ಪೌಂಡಿಗಿಂತ ಕಡಿಮೆ ಇದ್ದರೆ ಇದನ್ನೇ ತಗೋ. ಮೂರನೆಯದು ಜಿ5 ಮಾಂಟೆಕ್, ನಮ್ಮ ಮಿಷಿಗನ್‌ನ ಮೆಂಫಿಸ್ ಊರಿನ ಕಂಪನಿಯದು. ಮೂರು ಅಲಗು, ಪೂರ್ತಿ ಒಂದೇ ಉಕ್ಕಿನ ತುಂಡು. ಬಿಚ್ಚುವುದಿಲ್ಲ, ಅಲ್ಲಾಡುವುದಿಲ್ಲ, ಕಳಚುವುದಿಲ್ಲ. ಅಗಲ ಒಂದು ಅಂಗುಲಕ್ಕಿಂತ ಸ್ವಲ್ಪ ಜಾಸ್ತಿ. ಇಲ್ಲಿನ ಕಾನೂನು ಕನಿಷ್ಠ 7/8 ಅಂಗುಲ ಇರಬೇಕು ಅನ್ನುತ್ತದೆ, ಅದಕ್ಕೆ ತೊಂದರೆ ಇಲ್ಲ.

ನಾನು ಮಾಂಟೆಕ್ ಹಿಡಿದೆ. ಸಾಣೆ ಕಲ್ಲಿನ ಮೇಲೆ ಮಲಗಿಸಿದರೆ ಎರಡು ಅಲಗಿನ ಅಂಚು ಒಟ್ಟಿಗೆ ಚಪ್ಪಟೆಯಾಗಿ ಕೂರುತ್ತದೆ. ಕೋನ ಹಿಡಿಯುವ ಕಷ್ಟವೇ ಇಲ್ಲ. ಹಿಂದೆ ಮುಂದೆ ಉಜ್ಜು, ತಿರುಗಿಸು, ಮತ್ತೆ ಉಜ್ಜು. ಮೊದಲು ಅಲಗಿನ ಅಂಚಿಗೆ ಮಾರ್ಕರ್ ಪೆನ್ನಿಂದ ಬಣ್ಣ ಹಚ್ಚಿಕೋ. ಬಣ್ಣ ಎಲ್ಲ ಕಡೆ ಸಮ ಹೋದರೆ ಸರಿಯಾಗಿ ಉಜ್ಜಿದ್ದೀಯ ಅಂತ. ಕೊನೆಗೆ ಚರ್ಮದ ಪಟ್ಟಿ ಮೇಲೆ ಹತ್ತು ಸಲ ಎಳೆ. ಒಂದು ಮೊನೆಗೆ ನನಗೆ ಹದಿನೈದು ನಿಮಿಷ ಬೇಕು. ಚೂಪು ಎಷ್ಟಿದೆ ಅಂತ ಬೆರಳಿಂದ ನೋಡಬೇಡ, ರಬ್ಬರ್ ಬ್ಯಾಂಡ್ ಇದೆಯಲ್ಲ. ಬಾಣಕ್ಕೆ ತಿರುಗಿಸಿ ಕೂರಿಸುವಾಗಲೂ ಬರಿಗೈ ಬೇಡ, ಅದಕ್ಕೆಂದೇ ಇರುವ ಚಿಕ್ಕ ಸ್ಪ್ಯಾನರ್ ಬಳಸು.

ಒಳ್ಳೆಯ ಮೊನೆ ತಂದರೆ ಕೆಲಸ ಮುಗಿಯಲಿಲ್ಲ. ಎಲ್ಲರೂ ಇಲ್ಲೇ ಎಡವುವುದು. ಫಿಕ್ಸೆಡ್ ಅಲಗು ಬಾಣದ ಮುಂದುಗಡೆ ಪುಟ್ಟ ರೆಕ್ಕೆಯ ಹಾಗೆ. ಬಾಣ ಸ್ವಲ್ಪ ಸೊಟ್ಟ ಹೊರಟರೂ ಗಾಳಿ ಹಿಡಿದು ಪಕ್ಕಕ್ಕೆ ಎಳೆಯುತ್ತದೆ. ಮೊದಲ ದಿನ ನನ್ನವು 20 ಗಜದಲ್ಲಿ ಅಭ್ಯಾಸದ ಮೊನೆಗಿಂತ ಐದು ಅಂಗುಲ ಎಡಕ್ಕೆ ಬಿದ್ದವು. ಮೊನೆ ಚೆನ್ನಾಗಿಲ್ಲ ಅಂತ ಬಹಳ ಜನ ವಾಪಸ್ ಕೊಡುವುದು ಆಗಲೇ. ದೋಷ ಮೊನೆಯದಲ್ಲ. ಅದು ಬಿಲ್ಲಿನ ಸೊಟ್ಟ ತೋರಿಸುತ್ತಿದೆ. ಬ್ರಾಡ್‌ಹೆಡ್ ಎಡಕ್ಕೆ ಬಿದ್ದರೆ ಬಾಣ ಕೂರುವ ರೆಸ್ಟನ್ನು ಬಲಕ್ಕೆ ಸರಿಸು. ಒಂದು ಸಲಕ್ಕೆ ಅಂಗುಲದ 1/32 ಭಾಗ ಸಾಕು. ಮತ್ತೆ ಹೊಡೆ, ಮತ್ತೆ ಸರಿಸು. ನನಗೆ ನಾಲ್ಕು ಸಂಜೆ ಹಿಡಿಯಿತು. ಕೊನೆಗೆ ಎರಡೂ ಒಂದೇ ಕಡೆ ಬೀಳತೊಡಗಿದಾಗ ಒಬ್ಬಳೇ ಹಿತ್ತಲಲ್ಲಿ ನಿಂತು ಜೋರಾಗಿ ಕೂಗಿದೆ, ನಮ್ಮನೆಯವರು ಗಾಬರಿಯಾಗಿ ಹೊರಗೆ ಬಂದರು.

ಬಾಣಗಳಿಗೆ ನಂಬರ್ ಹಾಕು. ಮೊನೆ ಕೂರಿಸಿದ ಮೇಲೆ ಮೇಜಿನ ಮೇಲೆ ತುದಿ ಊರಿ ಬುಗುರಿಯ ಹಾಗೆ ತಿರುಗಿಸಿ ನೋಡು. ನಡುಗಿದರೆ ಹೆಚ್ಚಾಗಿ ಇನ್ಸರ್ಟ್, ಅಂದರೆ ಮೊನೆ ಕೂರಲು ಬಾಣದ ಒಳಗೆ ಅಂಟಿಸಿರುವ ಚಿಕ್ಕ ತುಂಡು, ಸೊಟ್ಟ ಅಂಟಿದೆ ಅಂತ ಅರ್ಥ. ನನ್ನ ನಾಲ್ಕನೇ ಬಾಣ ಹಾಗೇ ಇತ್ತು. ಅದು ಈಗ ಅಭ್ಯಾಸಕ್ಕೆ ಮಾತ್ರ. ಗುರಿಹಲಗೆಗೆ ಹೊಡೆದ ಮೊನೆಯನ್ನು ಮತ್ತೆ ಸಾಣೆ ಹಿಡಿಯದೆ ಕಾಡಿಗೆ ಒಯ್ಯಬೇಡ.

ಬೆಲೆ ಬಗ್ಗೆ ನೀನು ಕೇಳಿದ್ದೆ. ಮೂರರ ಪ್ಯಾಕು ತಗೋ, ಆರು ತಿಂಗಳಿಗೊಮ್ಮೆ ಬೇರೆ ಬ್ರ್ಯಾಂಡಿಗೆ ಹೋಗಬೇಡ. ಬೇರೇನೂ ಹೇಳುವುದಿಲ್ಲ.

ಹೋದ ಅಕ್ಟೋಬರಿನಲ್ಲಿ ಅದೇ ಹೊಲದ ಅಂಚಿನಲ್ಲಿ, 17 ಗಜದಲ್ಲಿ ಒಂದು ಹೆಣ್ಣು ಜಿಂಕೆ ಪೂರ್ತಿ ಅಡ್ಡ ನಿಂತಿತು. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ ಇಟ್ಟೆ. ಬಾಣ ಆಚೆ ಕಡೆ ಹೊರಬಂದು ಮಣ್ಣಿನಲ್ಲಿ ನೆಟ್ಟಿತ್ತು. ಕೆಳಗಿಳಿದು ನೋಡಿದರೆ ಗುಲಾಬಿ ಬಣ್ಣದ, ನೊರೆ ನೊರೆಯಾದ ರಕ್ತ. ಶ್ವಾಸಕೋಶದ್ದು. ಆದರೂ ಅರ್ಧ ಗಂಟೆ ಅಲ್ಲೇ ಕೂತು ಕಾದೆ. ರಕ್ತ ಕಪ್ಪಗಿದ್ದರೆ ಪಿತ್ತಜನಕಾಂಗ ಅಂತ ತಿಳಿದು ಗಂಟೆಗಟ್ಟಲೆ ಕಾಯಬೇಕು, ಹಸಿರು ಬೆರೆತಿದ್ದರೆ ಇನ್ನೂ ಜಾಸ್ತಿ. ಇಲ್ಲಿ ಆ ಕಷ್ಟ ಬರಲಿಲ್ಲ. ಎಣಿಸಿದೆ, ಅರವತ್ತೆರಡು ಹೆಜ್ಜೆ. ಅಷ್ಟು ದೂರದಲ್ಲಿ ಒಣಎಲೆ ಮೇಲೆ ಮಲಗಿತ್ತು. ಪಕ್ಕದಲ್ಲಿ ಕೂತು ಅದರ ಕುತ್ತಿಗೆ ಮೇಲೆ ಕೈ ಇಟ್ಟೆ. ಇನ್ನೂ ಬೆಚ್ಚಗಿತ್ತು. ಅಜ್ಜನಿಗೆ ಒಂದು ತೊಡೆ ಕೊಟ್ಟು, ಉಳಿದಿದ್ದು ಫ್ರೀಜರಿಗೆ ಹೋಯಿತು. ಮೊದಲ ಭಾನುವಾರ ಕಾಳುಮೆಣಸಿನ ಸಾರು, ಜೊತೆಗೆ ಕಡುಬು.

ಆ ಮೊನೆಯ ಒಂದು ಅಲಗಿನಲ್ಲಿ ಕಲ್ಲು ತಾಗಿ ಸಣ್ಣ ಹಲ್ಲು ಬಿದ್ದಿತ್ತು. ಉಜ್ಜಿ ತೆಗೆದಿದ್ದೇನೆ. ಈ ವರ್ಷವೂ ಅದೇ ಮೊನೆ, ಎರಡನೇ ನಂಬರಿನ ಬಾಣದ ಮೇಲೆ. ತಮ್ಮ, ಶನಿವಾರ ಬಿಡುವಿದ್ದರೆ ನಿನ್ನ ಬಿಲ್ಲು ತಗೊಂಡು ಮನೆಗೆ ಬಾ. ಸಾಣೆ ಕಲ್ಲು ನನ್ನ ಹತ್ತಿರ ಇದೆ.